ಪದಕ ಬೇಕು, ಪ್ರಜೆ ಬೇಡವೆ?

ಕ್ರೀಡಾಂಗಣದಲ್ಲಿ ಗೆದ್ದವರ ಗೌರವಾರ್ಥವಾಗಿ ಧ್ವಜವು ಮೇಲೇರುತ್ತಿರುವಾಗ, ಆ ಗೆಲವು ಆಟಗಾರರದೋ ಅವರನ್ನು ಕಳುಹಿಸಿದ ರಾಷ್ಟ್ರದ್ದೋ ಎಂದು ಯಾರೂ ಕೇಳುವುದಿಲ್ಲ. ಎರಡೂ ಒಂದೇ ಎಂಬುದು ಸರ್ವರ ನಂಬಿಕೆ. ಈ ನಂಬಿಕೆಯು ನಿಜವಾಗಿರುವವರೆಗೆ ಕ್ರೀಡೆಯು ರಾಷ್ಟ್ರಾಭಿಮಾನಕ್ಕೆ ಶುದ್ಧವಾದ ಆಹಾರವೇ ಸರಿ. ಆದರೆ ಗೆಲವನ್ನು ಮಾತ್ರ ತನ್ನದೆಂದು ಎತ್ತಿಕೊಂಡು, ಗೆದ್ದವರನ್ನು ಅನ್ಯರೆಂದು ಹೊರದೂಡಿದ ರಾಷ್ಟ್ರಗಳೂ ಚರಿತ್ರೆಯಲ್ಲಿವೆ. ಅಂಥಲ್ಲಿ ಧ್ವಜಕ್ಕೆ ಏನು ಅರ್ಥವುಳಿಯುವುದು?

ಈ ವಿಚಾರವನ್ನು ಈಗ ಎತ್ತಲು ಕಾರಣವಿಲ್ಲದೆ ಇಲ್ಲ. ೨೦೩೬ರ ಒಲಿಂಪಿಕ್ ಕೂಟವನ್ನು ನಮ್ಮ ದೇಶದಲ್ಲಿ ನಡೆಯಿಸುವ ಆಶಯಪತ್ರವನ್ನು ಭಾರತೀಯ ಒಲಿಂಪಿಕ್ ಸಂಸ್ಥೆಯು ೨೦೨೪ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಸಲ್ಲಿಸಿದುದನ್ನು ವಾಚಕರು ಬಲ್ಲರು. ಅಂದಿನಿಂದ ಕ್ರೀಡಾಂಗಣಗಳ ವಿಸ್ತಾರ, ರಸ್ತೆಗಳ ಅಗಲ, ವೆಚ್ಚದ ಮೊತ್ತ ಇವುಗಳ ಚರ್ಚೆಗೆ ಕೊರತೆಯಿಲ್ಲ. ಆದರೆ ೨೦೩೬ನೆಯ ಇಸವಿಯು ೧೯೩೬ರ ಬರ್ಲಿನ್ ಕೂಟಕ್ಕೆ ನೂರು ತುಂಬುವ ಇಸವಿಯೆಂಬುದನ್ನು ನೆನೆದವರು ಕಡಿಮೆ. ಬರ್ಲಿನ್ನಿನಲ್ಲಿ ಭವ್ಯವಾದ ಕ್ರೀಡಾಂಗಣವಿದ್ದಿತು, ಅಗಲವಾದ ರಸ್ತೆಗಳಿದ್ದುವು, ೪೯ ರಾಷ್ಟ್ರಗಳ ಆಟಗಾರರು ಬಂದು ನೆರೆದಿದ್ದರು. ಇಲ್ಲದಿದ್ದುದು ಒಂದೇ: ತನ್ನ ಪ್ರಜೆಗಳೆಲ್ಲರೂ ತನ್ನವರೆನ್ನುವ ಬುದ್ಧಿ. ಆ ಕೊರತೆಯು ಎಂತಹುದೆಂಬುದನ್ನು ತಿಳಿಯಬೇಕಾದರೆ ಅಲ್ಲಿ ಜರ್ಮನಿಯ ಪರವಾಗಿ ಕತ್ತಿ ಹಿಡಿದು ಬೆಳ್ಳಿಯ ಪದಕವನ್ನು ತಂದ ಹೆಲೆನ್ ಮೇಯರ್ ಎಂಬಾಕೆಯ ಜೀವನವನ್ನು ನೋಡಬೇಕು.

ಹೆಲೆನ್ ಮೇಯರಳು ೧೯೧೦ರ ಡಿಸೆಂಬರಿನಲ್ಲಿ ಮೈನ್ ನದಿಯ ದಡದ ಆಫೆನ್‌ಬಾಖ್ ಪಟ್ಟಣದಲ್ಲಿ ಜನಿಸಿದಳು. ತಂದೆಯು ಯಹೂದ್ಯ ವಂಶದ ವೈದ್ಯ. ತಾಯಿ ಲೂಥರ್ ಪಂಥದ ಕ್ರೈಸ್ತಳು. ಮನೆಯಲ್ಲಿ ಯಹೂದ್ಯ ಆಚಾರಗಳ ರೂಢಿಯಿರಲಿಲ್ಲ. ಹುಡುಗಿಯು ತನ್ನನ್ನು ಜರ್ಮನಳೆಂದೇ ತಿಳಿದು ಬೆಳೆದಳು. ಊರಿನ ಕತ್ತಿವರಸೆಯ ಸಂಘದಲ್ಲಿ ಇಟಲಿಯಿಂದ ಬಂದ ಆರ್ತುರೊ ಗಝೇರಾ ಎಂಬ ಗುರುವಿನ ಕೈಕೆಳಗೆ ಆಕೆಯ ಶಿಕ್ಷಣವಾಯಿತು. ಇನ್ನೂ ಶಾಲೆಯಲ್ಲಿ ಓದುತ್ತಿರುವಾಗಲೇ ಜರ್ಮನಿಯ ಅಗ್ರಸ್ಥಾನವನ್ನು ಗೆದ್ದ ಆಕೆ, ೧೯೩೦ರೊಳಗಾಗಿ ಅದನ್ನು ಆರು ಬಾರಿ ತನ್ನದಾಗಿಸಿಕೊಂಡಳು.

ಆಕೆಯ ಆಯುಧವಾದ ಫಾಯಿಲಿನ ವಿಷಯವಾಗಿ ಇಲ್ಲಿ ಎರಡು ಮಾತು ಅವಶ್ಯ. ಯುರೋಪಿನ ಕತ್ತಿವರಸೆಯ ಮೂರು ಆಯುಧಗಳಲ್ಲಿ ಫಾಯಿಲ್ ಒಂದು. ಎಪೆ, ಸೇಬರ್ ಎಂಬುವು ಉಳಿದೆರಡು. ಫಾಯಿಲಿನ ತೂಕವು ೫೦೦ ಗ್ರಾಮನ್ನೂ ಉದ್ದವು ೧೧೦ ಸೆಂಟಿಮೀಟರನ್ನೂ ಮೀರಬಾರದು. ಅಲಗಿನಿಂದ ಹೊಡೆದರೆ ಲೆಕ್ಕಕ್ಕಿಲ್ಲ. ಮೊನೆಯು ಎದುರಾಳಿಯ ಮುಂಡಭಾಗವನ್ನು ತಗಲಿದರೆ ಮಾತ್ರ ಲೆಕ್ಕ. ಮೊದಲು ಮುನ್ನುಗ್ಗಿದವರಿಗೆ ಮೊದಲ ಹಕ್ಕು. ಆ ಏಟನ್ನು ತಡೆದ ಬಳಿಕವೇ ಎದುರಾಳಿಗೆ ತಿರುಗಿ ಹೊಡೆಯುವ ಹಕ್ಕು. ಆದುದರಿಂದ ಇದು ಬರಿಯ ವೇಗದ ಆಟವಲ್ಲ. ಹಕ್ಕು ಯಾರದೆಂಬ ವಿವೇಕದ ಆಟ. ೧೯೫೫ರ ಸುಮಾರಿಗೆ ವಿದ್ಯುತ್ ಯಂತ್ರವು ಫಾಯಿಲಿಗೆ ಬರುವುದಕ್ಕೆ ಮುಂಚೆ, ಮೊನೆಯು ತಗಲಿತೋ ಇಲ್ಲವೋ ಎಂಬುದನ್ನು ನಾಲ್ವರು ಪರೀಕ್ಷಕರೂ ಅವರ ಮೇಲಣ ಒಬ್ಬ ಅಧ್ಯಕ್ಷನೂ ಬರಿಗಣ್ಣಿನಿಂದಲೇ ನಿರ್ಣಯಿಸುತ್ತಿದ್ದರು. ಅವರು ನೋಡುತ್ತಿದ್ದುದು ಮೊನೆಯನ್ನು. ಕತ್ತಿ ಹಿಡಿದವರ ಕುಲವನ್ನಲ್ಲ. ಹೆಂಗಸರ ಫಾಯಿಲಿಗೆ ಒಲಿಂಪಿಕ್ ಕೂಟದಲ್ಲಿ ಪ್ರವೇಶ ದೊರೆತುದು ೧೯೨೪ರಲ್ಲಿ, ಪ್ಯಾರಿಸಿನಲ್ಲಿ. ನಾಲ್ಕು ವರ್ಷಗಳ ತರುವಾಯ ಆಂಸ್ಟರ್‌ಡಾಮಿನಲ್ಲಿ ಹದಿನೇಳು ವಯಸ್ಸಿನ ಹೆಲೆನಳು ಇಪ್ಪತ್ತು ಪಂದ್ಯಗಳನ್ನಾಡಿ, ಎರಡರಲ್ಲಿ ಮಾತ್ರ ಸೋತು, ಚಿನ್ನದ ಪದಕವನ್ನು ಗಳಿಸಿದಳು. ೧೯೨೯ರಲ್ಲಿಯೂ ೧೯೩೧ರಲ್ಲಿಯೂ ಅಂತರರಾಷ್ಟ್ರೀಯ ಅಗ್ರಪದವಿಯು ಆಕೆಗೇ ಸಂದಿತು. ಹೊಂಬಣ್ಣದ ಜಡೆಯನ್ನು ಸುತ್ತಿ, ಹಣೆಗೆ ಬಿಳಿಯ ಪಟ್ಟಿ ಕಟ್ಟಿ ನಿಲ್ಲುತ್ತಿದ್ದ ಆ ನೀಳಕಾಯದ ತರುಣಿಯಲ್ಲಿ ಜರ್ಮನಿಯು ತನ್ನ ಮೂರ್ತಿಯನ್ನೇ ಕಂಡು ಹಿಗ್ಗಿತು.

೧೯೩೨ರ ಲಾಸ್ ಏಂಜಲೀಸ್ ಕೂಟದಲ್ಲಿ ಆಕೆಗೆ ಐದನೆಯ ಸ್ಥಾನ ಮಾತ್ರ ದೊರೆಯಿತು. ಕೂಟವು ಮುಗಿದ ಮೇಲೆ ಆಕೆ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಕಾಲೇಜಿನಲ್ಲಿ ವಿದ್ಯಾರ್ಥಿನಿಯಾಗಿ ನಿಂತಳು. ರಾಯಭಾರ ಖಾತೆಯನ್ನು ಸೇರಿ ತನ್ನ ದೇಶದ ಸೇವೆ ಮಾಡಬೇಕೆಂಬುದು ಆಕೆಯ ಅಭಿಲಾಷೆ. ಮರುವರ್ಷದ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಏಪ್ರಿಲಿನಲ್ಲಿ ಯಹೂದ್ಯ ವಂಶದವರನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಶಾಸನವಾಯಿತು. ರಾಯಭಾರ ಖಾತೆಯ ಬಾಗಿಲು ಆಕೆಗೆ ಮುಚ್ಚಿತು, ವಿದ್ಯಾರ್ಥಿವೇತನವು ನಿಂತಿತು, ಯಾವ ಸಂಘದಲ್ಲಿ ಕತ್ತಿಯನ್ನು ಮೊದಲು ಹಿಡಿದಿದ್ದಳೋ ಆ ಆಫೆನ್‌ಬಾಖಿನ ಸಂಘವೇ ತನ್ನ ಪಟ್ಟಿಯಿಂದ ಆಕೆಯ ಹೆಸರನ್ನು ತೆಗೆದುಹಾಕಿತು. ಆಕೆಯ ಕೈಚಳಕವು ಹಿಂದಿನ ದಿನ ಇದ್ದಂತೆಯೇ ಇದ್ದಿತು. ದೇಶಭಕ್ತಿಯೂ ಇದ್ದಂತೆಯೇ ಇದ್ದಿತು. ಬದಲಾದುದು ಸರ್ಕಾರದ ಲೆಕ್ಕದ ಪುಸ್ತಕ ಮಾತ್ರ. ಓಕ್ಲೆಂಡಿನ ಮಿಲ್ಸ್ ಕಾಲೇಜಿನಲ್ಲಿ ಜರ್ಮನ್ ಭಾಷೆಯನ್ನೂ ಕತ್ತಿವರಸೆಯನ್ನೂ ಕಲಿಸುತ್ತ ಆಕೆ ಜೀವನವನ್ನು ಸಾಗಿಸಿದಳು. ೧೯೩೪ರಲ್ಲಿಯೂ ೧೯೩೫ರಲ್ಲಿಯೂ ಅಮೆರಿಕದ ಅಗ್ರಪದವಿಯನ್ನು ಗೆದ್ದಳು.

ಇಷ್ಟರಲ್ಲಿ ಬರ್ಲಿನ್ ಕೂಟದ ಪ್ರಶ್ನೆಯು ಅಮೆರಿಕದಲ್ಲಿ ದೊಡ್ಡ ವಿವಾದವನ್ನೆಬ್ಬಿಸಿತ್ತು. ೧೯೩೧ರಲ್ಲಿಯೇ, ಅಂದರೆ ನಾಜಿಗಳು ಅಧಿಕಾರಕ್ಕೆ ಬರುವ ಮೊದಲೇ, ಕೂಟವನ್ನು ಬರ್ಲಿನ್ನಿಗೆ ಕೊಟ್ಟದ್ದಾಗಿತ್ತು. ೧೯೩೫ರ ಸೆಪ್ಟೆಂಬರಿನಲ್ಲಿ ನೂರೆಂಬರ್ಗಿನ ಶಾಸನಗಳು ಯಹೂದ್ಯರ ಪೌರತ್ವವನ್ನೇ ಕಿತ್ತುಕೊಂಡುವು. ಅಂಥ ದೇಶಕ್ಕೆ ತಮ್ಮ ಆಟಗಾರರನ್ನು ಕಳುಹಿಸಕೂಡದೆಂದು ಅಮೆರಿಕದ ಹವ್ಯಾಸಿ ಕ್ರೀಡಾ ಸಂಘದ ಅಧ್ಯಕ್ಷ ಜೆರೆಮಯ ಮಹೋನಿಯವರು ಹೋರಾಡಿದರು. ಕ್ರೀಡೆಯಲ್ಲಿ ರಾಜಕೀಯಕ್ಕೆ ಎಡೆಯಿಲ್ಲವೆಂಬ ವಾದವನ್ನು ಹಿಡಿದು ಒಲಿಂಪಿಕ್ ಮಂಡಲಿಯ ಏವರಿ ಬ್ರಂಡೇಜರು ಎದುರು ನಿಂತರು. ಆಗ ಅಂತರರಾಷ್ಟ್ರೀಯ ಸಮಿತಿಯ ಅಮೆರಿಕನ್ ಸದಸ್ಯ ಜನರಲ್ ಷೆರಿಲ್ಲರು ಬರ್ಲಿನ್ನಿಗೆ ಹೋಗಿ ಹಿಟ್ಲರನೊಡನೆ ಮಾತನಾಡಿದರು. ಅವರು ಕೇಳಿದುದು ಯಹೂದ್ಯರಿಗೆ ನ್ಯಾಯವನ್ನಲ್ಲ. ಜರ್ಮನಿಯ ತಂಡದಲ್ಲಿ ಹೆಸರು ಹೇಳಬಹುದಾದ ಒಬ್ಬ ಯಹೂದ್ಯರಾದರೂ ಇರಲಿ ಎಂಬುದನ್ನು. ಆ ಹೆಸರು ಹೆಲೆನ್ ಮೇಯರಳದಾಯಿತು. ಕರೆಯು ಕ್ಯಾಲಿಫೋರ್ನಿಯಕ್ಕೆ ಹೋಯಿತು. ಡಿಸೆಂಬರಿನಲ್ಲಿ ಸಂಘದ ಮತಗಣನೆಯಾದಾಗ ಬಹಿಷ್ಕಾರದ ಪಕ್ಷವು ಅತ್ಯಲ್ಪ ಅಂತರದಿಂದ ಸೋತಿತು. ಮಹೋನಿಯವರು ಸ್ಥಾನವನ್ನು ಬಿಟ್ಟರು; ಬ್ರಂಡೇಜರು ಅದನ್ನು ಏರಿದರು.

ಒಬ್ಬಳಿಗೆ ತೆರೆದ ಬಾಗಿಲು ಲಕ್ಷಾಂತರ ಜನರಿಗೆ ಮುಚ್ಚಿದ ಬಾಗಿಲನ್ನು ಹೇಗೆ ಮರೆಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಡ. ಗ್ರೆಟೆಲ್ ಬೆರ್ಗ್‌ಮನ್ ಎಂಬ ಇನ್ನೊಬ್ಬ ಯಹೂದ್ಯ ತರುಣಿಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆಕೆ ಎತ್ತರ ಜಿಗಿತದಲ್ಲಿ ನಿಪುಣೆ. ಇಂಗ್ಲೆಂಡಿನಲ್ಲಿ ಕ್ಷೇಮವಾಗಿದ್ದವಳನ್ನು, ಮನೆಯವರಿಗೆ ಕೇಡಾದೀತೆಂದು ಬೆದರಿಸಿ ಜರ್ಮನಿಗೆ ಹಿಂದಕ್ಕೆ ಕರೆಯಿಸಿಕೊಂಡರು. ೧೯೩೬ರ ಜೂನ್ ತಿಂಗಳಲ್ಲಿ ಆಕೆ ೧.೬೦ ಮೀಟರ್ ಜಿಗಿದು ಜರ್ಮನಿಯ ದಾಖಲೆಯನ್ನು ಸರಿಗಟ್ಟಿದಳು. ಜುಲೈ ೧೫ರಂದು ಅಮೆರಿಕದ ತಂಡವು ಹಡಗನ್ನೇರಿ ಹೊರಟಿತು. ಮರುದಿನದ ತಾರೀಖನ್ನು ಹೊತ್ತ ಕಾಗದವೊಂದು, ಸಾಮರ್ಥ್ಯವು ಸಾಲದೆಂಬ ನೆಪದಿಂದ ತಂಡದಲ್ಲಿ ಸ್ಥಳವಿಲ್ಲವೆಂದು ಬೆರ್ಗ್‌ಮನ್ನಳಿಗೆ ತಿಳಿಸಿತು. ಇನ್ನು ಹಡಗು ಹಿಂದಿರುಗುವಂತಿರಲಿಲ್ಲ; ಆದುದರಿಂದ ಆಕೆಯ ಅವಶ್ಯಕತೆಯೂ ತೀರಿತ್ತು. ಆ ಸ್ಪರ್ಧೆಯಲ್ಲಿ ಹಂಗೆರಿಯ ಇಬೋಯ ಚಾಕ್ ಎಂಬಾಕೆಯು ಚಿನ್ನವನ್ನು ಗೆದ್ದಳು. ಪದಕದ ನಿರ್ಣಯವಾದುದು ಆ ೧.೬೦ ಮೀಟರಿನ ಎತ್ತರದ ಸುತ್ತಲೇ. ಗೆದ್ದವಳೂ ಯಹೂದ್ಯಳೇ ಎಂಬುದು ವಿಧಿಯ ವಿನೋದ. ತನ್ನ ದ್ವೇಷವನ್ನು ಕಾಪಾಡಿಕೊಳ್ಳಲು ಜರ್ಮನಿಯು ತನ್ನ ಪದಕವನ್ನೇ ಬಲಿಗೊಟ್ಟಿತು. ಆಕೆಯ ದಾಖಲೆಯನ್ನು ಜರ್ಮನಿಯ ಕ್ರೀಡಾ ಸಂಸ್ಥೆಯು ಮತ್ತೆ ಮಾನ್ಯ ಮಾಡಿದುದು ೨೦೦೯ರಲ್ಲಿ, ಎಪ್ಪತ್ತಮೂರು ವರ್ಷಗಳ ತರುವಾಯ.

ಮೇಯರಳಿಗೆ ದೊರೆತ ಸ್ವಾಗತವಾದರೂ ಎಂತಹುದು? ತನಗೆ ಪೂರ್ಣ ಪೌರತ್ವದ ಭರವಸೆಯು ಬೇಕೆಂದು ಆಕೆ ಕೇಳಿದ್ದಳೆಂದು ಇತಿಹಾಸಕಾರರು ಬರೆದಿರುವರು. ಆಕೆಯ ವಂಶದ ಮಾತನ್ನೂ ಆಕೆಯಿಂದ ನಿರೀಕ್ಷಿಸಬಹುದಾದ ಚಿನ್ನದ ಮಾತನ್ನೂ ಎತ್ತಕೂಡದೆಂದು ಪ್ರಚಾರ ಖಾತೆಯು ಪತ್ರಿಕೆಗಳಿಗೆ ಆಜ್ಞೆ ಮಾಡಿತ್ತು. ಹೊರಗಿನವರಿಗೆ ತೋರಿಸಲು ಆಕೆ ಬೇಕಾಗಿದ್ದಳು. ಮನೆಯವರಿಗೆ ತೋರಿಸಲು ನಾಚಿಕೆ! ಅಂತಿಮ ಸುತ್ತಿನಲ್ಲಿ ಹಂಗೆರಿಯ ಇಲೋನ ಎಲೆಕ್ ಚಿನ್ನವನ್ನೂ, ಹೆಲೆನಳು ಬೆಳ್ಳಿಯನ್ನೂ, ಆಸ್ಟ್ರಿಯದ ಎಲೆನ್ ಪ್ರೈಸ್ ಕಂಚನ್ನೂ ಪಡೆದರು. ಪೀಠದ ಮೇಲೆ ನಿಂತು ಹೆಲೆನಳು ಬಲಗೈಯನ್ನು ಚಾಚಿ ನಾಜಿ ವಂದನೆಯನ್ನು ಮಾಡಿದಳು. ಆ ಛಾಯಾಚಿತ್ರವನ್ನು ಜಗತ್ತು ಇಂದಿಗೂ ಮರೆತಿಲ್ಲ.

ಆಕೆಯನ್ನು ನಿರ್ದೋಷಿಯೆಂದು ಬಿಡಲು ನಾವು ಸಿದ್ಧರಿಲ್ಲ. ಬೆರ್ಗ್‌ಮನ್ನಳಂತೆ ಆಕೆ ವೈರಿಯ ಮುಷ್ಟಿಯಲ್ಲಿರಲಿಲ್ಲ. ಸಾಗರದಾಚೆಯ ಸ್ವತಂತ್ರ ದೇಶದಲ್ಲಿದ್ದಳು. ಹೋಗಲಾರೆನೆಂದು ಹೇಳಿದ್ದರೆ ಆ ನಿರಾಕರಣೆಯು ಹತ್ತು ಪದಕಗಳಿಗಿಂತ ಹೆಚ್ಚು ಬೆಲೆಯುಳ್ಳದ್ದಾಗುತ್ತಿತ್ತು. ತನ್ನ ಹೆಸರನ್ನು ಅನ್ಯಾಯದ ಮುಂದೆ ತೆರೆಯಾಗಿ ಹಿಡಿಯಲು ಆಕೆ ಅವಕಾಶಕೊಟ್ಟಳು. ಆದರೆ ತೂಗುವ ತಕ್ಕಡಿಯಲ್ಲಿ ಎರಡು ತಟ್ಟೆಗಳಿರಬೇಕಷ್ಟೆ. ತಾಯಿಯೂ ಇಬ್ಬರು ಸೋದರರೂ ಜರ್ಮನಿಯಲ್ಲಿದ್ದರು. ಇಪ್ಪತ್ತೈದು ವಯಸ್ಸಿನ ಆಕೆಗೆ ತಾನು ಹುಟ್ಟಿದ ಊರು ತನ್ನನ್ನು ಮತ್ತೊಮ್ಮೆ ‘ನಮ್ಮವಳು’ ಎಂದು ಕರೆಯಲಿ ಎಂಬ ಹಂಬಲವಿದ್ದಿದ್ದರೆ ಅದನ್ನು ಅರಿಯದವರಾರು? ಆ ಹಂಬಲವನ್ನು ಬಳಸಿಕೊಂಡವರ ದೋಷವು ಅದಕ್ಕೆ ಸೋತವಳ ದೋಷಕ್ಕಿಂತ ನೂರ್ಮಡಿ ಹಿರಿದು. ಷೆರಿಲ್, ಬ್ರಂಡೇಜರಂಥ ಪ್ರೌಢರಿಗೆ ಅಂತಹ ಯಾವ ಸಂಕಟವೂ ಇರಲಿಲ್ಲ. ಅವರ ದೇಶದ ಕೈಯೂ ಶುದ್ಧವಾಗಿರಲಿಲ್ಲ. ಗ್ಲಿಕ್‌ಮನ್, ಸ್ಟಾಲರ್ ಎಂಬ ಇಬ್ಬರು ಯಹೂದ್ಯ ಓಟಗಾರರನ್ನು ಅಮೆರಿಕದವರೇ ಬರ್ಲಿನ್ನಿನಲ್ಲಿ ಕಡೆಯ ಗಳಿಗೆಯಲ್ಲಿ ರಿಲೇ ಓಟದಿಂದ ಕೈಬಿಟ್ಟರು.

ಕೈ ಚಾಚಿ ವಂದಿಸಿದವಳಿಗೆ ರಾಷ್ಟ್ರವು ಏನನ್ನು ಕೊಟ್ಟಿತು? ಏನನ್ನೂ ಇಲ್ಲ. ೧೯೩೭ರಲ್ಲಿ ಪ್ಯಾರಿಸಿನಲ್ಲಿ ಆಕೆ ಮೂರನೆಯ ಬಾರಿ ಲೋಕದ ಅಗ್ರಪದವಿಯನ್ನು ಗೆದ್ದಳು; ಆದರೂ ಆಕೆಗೆ ಸ್ವದೇಶದಲ್ಲಿ ನೆಲೆಯಿರಲಿಲ್ಲ. ಅಮೆರಿಕಕ್ಕೇ ಹಿಂದಿರುಗಿ, ಅಲ್ಲಿನ ಪ್ರಜೆಯಾಗಿ, ೧೯೪೬ರ ತನಕ ಒಟ್ಟು ಎಂಟು ಬಾರಿ ಆ ದೇಶದ ಅಗ್ರಪದವಿಯನ್ನು ಪಡೆದಳು. ೧೯೫೨ರಲ್ಲಿ ಜರ್ಮನಿಗೆ ಮರಳಿ ಮದುವೆಯಾದಳು. ೧೯೫೩ರ ಅಕ್ಟೋಬರಿನಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಅರ್ಬುದ ರೋಗದಿಂದ ತೀರಿಕೊಂಡಳು. ೧೯೬೮ರಲ್ಲಿ ಪಶ್ಚಿಮ ಜರ್ಮನಿಯು ಆಕೆಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮ್ಯೂನಿಕ್ಕಿನ ಒಲಿಂಪಿಕ್ ಬಡಾವಣೆಯಲ್ಲಿ ಒಂದು ಬೀದಿಗೆ ಆಕೆಯ ಹೆಸರಿದೆ. ಬದುಕಿದ್ದಾಗ ಸಂಘದ ಪಟ್ಟಿಯಲ್ಲಿ ಉಳಿಸದ ಹೆಸರನ್ನು ಸತ್ತ ಮೇಲೆ ಬೀದಿಯ ಹಲಗೆಗೆ ಬರೆದಂತಾಯಿತು.

ಅದೇ ಬರ್ಲಿನ್ನಿನಲ್ಲಿ, ಅದೇ ತಿಂಗಳ ೧೫ರಂದು, ನಮ್ಮ ಹಾಕಿ ತಂಡವು ಜರ್ಮನಿಯನ್ನು ೮–೧ ಗೋಲುಗಳಿಂದ ಸೋಲಿಸಿದುದನ್ನು ಭಾರತೀಯರು ಮರೆಯಲಾರರು. ಧ್ಯಾನ್ ಚಂದರ ತಂಡಕ್ಕೆ ಅಂದು ಸ್ವಂತ ಧ್ವಜವಿರಲಿಲ್ಲ. ಮೆರವಣಿಗೆಯಲ್ಲಿ ಹಿಡಿದುದು ಆಳುವವರ ಧ್ವಜವನ್ನು. ಆದರೆ ಅಂತಿಮ ಪಂದ್ಯಕ್ಕೆ ಮುನ್ನ ಉಡುಪಿನ ಕೋಣೆಯಲ್ಲಿ ತ್ರಿವರ್ಣ ಧ್ವಜವನ್ನು ಬಿಡಿಸಿ ತಾವು ವಂದಿಸಿದುದನ್ನು ಅವರು ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಮೇಯರಳಿಗೆ ಧ್ವಜವಿದ್ದಿತು, ಅದರ ಕೆಳಗೆ ಸ್ಥಳವಿರಲಿಲ್ಲ. ನಮ್ಮವರಿಗೆ ಧ್ವಜವಿರಲಿಲ್ಲ, ಆದರೆ ಮತ ಭಾಷೆಗಳ ಭೇದವಿಲ್ಲದೆ ತಾವೆಲ್ಲರೂ ಒಂದು ಜನ ಎಂಬ ಭಾವವಿದ್ದಿತು. ಅಂದು ಬಲವಾದ ರಾಷ್ಟ್ರವೆನಿಸಿದ್ದುದು ಒಂಬತ್ತು ವರ್ಷಗಳೊಳಗೆ ಬೂದಿಯಾಯಿತು. ರಾಷ್ಟ್ರವೇ ಅಲ್ಲವೆನಿಸಿದ್ದುದು ಹನ್ನೊಂದು ವರ್ಷಗಳಲ್ಲಿ, ಅದೇ ಆಗಸ್ಟ್ ೧೫ರಂದು, ಸ್ವತಂತ್ರವಾಯಿತು.

ಜಗತ್ತು ಈ ಪಾಠವನ್ನು ಸ್ವಲ್ಪಮಟ್ಟಿಗೆ ಕಲಿತಿದೆಯೆನ್ನಬಹುದು. ವರ್ಣಭೇದವನ್ನೇ ಶಾಸನವಾಗಿಸಿಕೊಂಡಿದ್ದ ದಕ್ಷಿಣ ಆಫ್ರಿಕವನ್ನು ೧೯೬೪ರ ಕೂಟದಿಂದ ದೂರವಿಟ್ಟು, ೧೯೭೦ರಲ್ಲಿ ಒಲಿಂಪಿಕ್ ಸಮಿತಿಯಿಂದಲೇ ಹೊರಹಾಕಿದರು; ಅದು ಮರಳಿ ಬಂದುದು ೧೯೯೨ರಲ್ಲಿ. ಅಲ್ಲಿ ಒಬ್ಬಿಬ್ಬರ ಹೆಸರನ್ನು ತೋರಿಸಿ ಪಾರಾಗುವ ಉಪಾಯವು ಕಡೆಗೂ ನಡೆಯಲಿಲ್ಲ. ಆದರೂ ತೊಡಕುಗಳು ತೀರಿಲ್ಲ. ೨೦೨೩ರ ಜುಲೈಯಲ್ಲಿ ಮಿಲಾನ್ ನಗರದ ಕತ್ತಿವರಸೆಯ ಕೂಟದಲ್ಲಿ ಯುಕ್ರೇನಿನ ಸೇಬರ್ ಪಟು ಓಲ್ಗಾ ಖಾರ್ಲಾನಳು ರಷ್ಯದ ಎದುರಾಳಿಯನ್ನು ಸೋಲಿಸಿ, ಕೈಕುಲುಕಲು ಒಪ್ಪದೆ ಕತ್ತಿಯನ್ನು ಮಾತ್ರ ಚಾಚಿದಳು. ನಿಯಮದ ಅಕ್ಷರವನ್ನು ಹಿಡಿದ ಅಧಿಕಾರಿಗಳು ಆಕೆಯನ್ನು ಅನರ್ಹಗೊಳಿಸಿದರು. ಒಲಿಂಪಿಕ್ ಸಮಿತಿಯು ಮಧ್ಯೆ ಬಂದು ಮರುವರ್ಷದ ಪ್ಯಾರಿಸ್ ಕೂಟದಲ್ಲಿ ಆಕೆಗೆ ಸ್ಥಾನವನ್ನು ಖಾತರಿಮಾಡಿತು. ಆಕೆ ಅಲ್ಲಿ ಕಂಚನ್ನೂ, ತಂಡದೊಡನೆ ಚಿನ್ನವನ್ನೂ ಗೆದ್ದಳು. ೧೯೩೬ರಲ್ಲಿ ಚಾಚಿದ ಕೈ, ೨೦೨೩ರಲ್ಲಿ ಚಾಚದ ಕೈ ಇವೆರಡೂ ತಿಳಿಸುವ ಸಂಗತಿ ಒಂದೇ: ಆಟದ ಕಣವು ಲೋಕದ ಹೊರಗಿಲ್ಲ. ಕ್ರೀಡೆಯಲ್ಲಿ ರಾಜಕೀಯವಿಲ್ಲವೆಂದು ಹೇಳುವವರು ಬಹುಮಟ್ಟಿಗೆ ತಮಗೆ ಅನುಕೂಲವಾದ ರಾಜಕೀಯವನ್ನು ರಾಜಕೀಯವೆಂದು ಕರೆಯದವರು.

ಇನ್ನು ನಮ್ಮ ಮಾತು. ಬರ್ಲಿನ್ನಿಗೂ ದಿಲ್ಲಿಗೂ ಹೋಲಿಕೆಯನ್ನು ಕಟ್ಟುವುದು ಅನ್ಯಾಯ. ನಮ್ಮ ರಾಜ್ಯಾಂಗವು ಜಾತಿ, ಮತ, ಲಿಂಗಗಳ ಭೇದವನ್ನು ನಿಷೇಧಿಸಿದೆ. ಆದರೆ ರಾಜ್ಯಾಂಗದಲ್ಲಿ ಬರೆದುದು ಕ್ರೀಡಾ ಸಂಸ್ಥೆಯ ಕಚೇರಿಯಲ್ಲಿಯೂ ನಡೆಯುತ್ತಿದೆಯೆ ಎಂದು ಕೇಳುವ ಹಕ್ಕು ಪ್ರಜೆಗಳಿಗಿದೆ. ಕುಸ್ತಿಯಲ್ಲಿ ದೇಶಕ್ಕೆ ಪದಕಗಳನ್ನು ತಂದ ಹೆಣ್ಣುಮಕ್ಕಳು ತಮ್ಮ ದೂರನ್ನು ಕೇಳುವವರಿಲ್ಲವೆಂದು ೨೦೨೩ರಲ್ಲಿ ದಿಲ್ಲಿಯ ಜಂತರ್ ಮಂತರಿನ ಬಳಿ ಕುಳಿತರು. ಮೇ ೨೮ರಂದು ಪೊಲೀಸರು ಅವರನ್ನು ಅಲ್ಲಿಂದ ಎತ್ತಿ ಸಾಗಿಸಿದರು. ಆ ದೂರಿನ ಸತ್ಯಾಸತ್ಯವು ನ್ಯಾಯಾಲಯಕ್ಕೆ ಸೇರಿದ್ದು. ಆದರೆ ವಿಮಾನ ನಿಲ್ದಾಣದಲ್ಲಿ ಹಾರಹಾಕಿ ಎದುರುಗೊಂಡವರು, ಅದೇ ಕೊರಳಿನಿಂದ ದೂರು ಹೊರಟಾಗ ಕಿವಿ ಮುಚ್ಚಿಕೊಳ್ಳುವುದು ಸಲ್ಲದು. ಕತ್ತಿವರಸೆಯನ್ನೇ ನೋಡಿರಿ. ಚೆನ್ನೈಯ ಭವಾನಿ ದೇವಿಯು ೨೦೨೧ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಸೇಬರ್ ಹಿಡಿದು ನಿಂತು, ಒಲಿಂಪಿಕ್ಕಿನಲ್ಲಿ ಈ ವಿದ್ಯೆಯನ್ನು ತೋರಿದ ಮೊದಲ ಭಾರತೀಯಳಾದಳು. ಮೊದಲ ಪಂದ್ಯವನ್ನು ೧೫–೩ರಿಂದ ಗೆದ್ದು ಎರಡನೆಯದರಲ್ಲಿ ಸೋತಳು. ಗೆದ್ದ ಪಂದ್ಯದಲ್ಲಿ ಆಕೆ ಎಷ್ಟು ನಮ್ಮವಳೋ ಸೋತ ಪಂದ್ಯದಲ್ಲಿಯೂ ಅಷ್ಟೇ ನಮ್ಮವಳು.

ಆದುದರಿಂದ ೨೦೩೬ರ ಆತಿಥ್ಯವನ್ನು ಬಯಸುವವರು ಕಲ್ಲು ಸಿಮೆಂಟುಗಳ ಲೆಕ್ಕಕ್ಕೆ ಮುಂಚೆ ಮೂರು ಕೆಲಸಗಳನ್ನು ಪೂರೈಸಬೇಕು. ತಂಡದ ಆಯ್ಕೆಯ ನಿಯಮಗಳನ್ನು ಮುಂಚಿತವಾಗಿ ಬರೆದು ಪ್ರಕಟಿಸಬೇಕು. ಬಿಟ್ಟುಹೋದವರಿಗೆ ಕಾರಣವನ್ನು ಲಿಖಿತವಾಗಿ, ಹಡಗು ಹೊರಡುವುದಕ್ಕೆ ಮುಂಚೆ, ಕೊಡಬೇಕು. ಆಟಗಾರರ ದೂರನ್ನು ಆಪಾದಿತರ ಅಧೀನದಲ್ಲಿಲ್ಲದವರು ವಿಚಾರಿಸಬೇಕು. ೨೦೨೫ರ ರಾಷ್ಟ್ರೀಯ ಕ್ರೀಡಾಡಳಿತದ ಕಾಯಿದೆಯು ಕ್ರೀಡಾ ನ್ಯಾಯಮಂಡಲಿಯೊಂದನ್ನು ವಿಧಿಸಿರುವುದು ಸ್ವಾಗತಾರ್ಹ, ಆದರೆ ಅದು ನಿರ್ಭಯವಾಗಿ ನಡೆದರೆ ಮಾತ್ರ ಸಾರ್ಥಕ. ಮೂರನೆಯದಾಗಿ, ಯಾವೊಂದು ಜನಾಂಗದ ಒಬ್ಬರನ್ನು ಮುಂದೆ ನಿಲ್ಲಿಸಿ ಆ ಜನಾಂಗಕ್ಕೆಲ್ಲ ನ್ಯಾಯವಾಯಿತೆಂದು ಸಾರುವ ಅಭ್ಯಾಸವನ್ನು ಬಿಡಬೇಕು. ವಿನಾಯಿತಿಯು ಅಧಿಕಾರಿಯ ದಾಕ್ಷಿಣ್ಯ. ಹಕ್ಕು ಪ್ರಜೆಯ ಸ್ವತ್ತು. ದಾಕ್ಷಿಣ್ಯವನ್ನು ಕೊಟ್ಟ ಕೈಯೇ ಮರುದಿನ ಅದನ್ನು ಕಿತ್ತುಕೊಳ್ಳಬಲ್ಲುದು.

ರಾಷ್ಟ್ರಾಭಿಮಾನವು ನಮಗೆ ಪ್ರಿಯವಾದುದು. ಅದಕ್ಕಾಗಿಯೇ ಈ ಮಾತುಗಳನ್ನು ಬರೆದಿದ್ದೇವೆ. ಯಾವ ರಾಷ್ಟ್ರವು ತನ್ನ ಮಕ್ಕಳನ್ನು ರಕ್ತದ ಲೆಕ್ಕದಿಂದ ಅಳೆಯುವುದೋ ಆ ರಾಷ್ಟ್ರವು ಪದಕಗಳ ರಾಶಿಯ ನಡುವೆಯೂ ದರಿದ್ರ. ಯಾವ ರಾಷ್ಟ್ರವು ಸೋತು ಬಂದ ಮಗಳಿಗೂ ಬಾಗಿಲು ತೆರೆದಿಟ್ಟಿರುವುದೋ ಅದರ ಧ್ವಜಕ್ಕೆ ಯಾರೂ ಬಲವಂತದಿಂದ ವಂದಿಸಬೇಕಾಗಿಲ್ಲ. ಬರ್ಲಿನ್ನಿನ ನೂರನೆಯ ವರ್ಷದಲ್ಲಿ ಲೋಕವು ನಮ್ಮ ಮನೆಯಂಗಳಕ್ಕೆ ಬರುವುದಾದರೆ, ನಮ್ಮಲ್ಲಿ ಅದು ನೋಡಬೇಕಾದುದು ಈ ತೆರೆದ ಬಾಗಿಲನ್ನೇ.